ಮದ್ದಿಗೆ ಎಂತ ಸೂತಕ?

ಸುಧಾಕರನನ್ನು ಸುಟ್ಟು ಬಂದ ಮರುದಿನ ಬೆಳಿಗ್ಗೆ ತ್ರಾಸಿ ಊರಿನಲ್ಲಿ ಎಲ್ಲವೂ ಮಾಮೂಲಿನಂತೆ ನಡೆಯಿತು. ಹಾಲಿನವನು ಬಂದ. ಮೀನಿನ ಟೆಂಪೊ ಹಾರ್ನ್ ಹೊಡೆಯಿತು. ಗಂಡ ಸುಧಾಕರನ ಗಂಟಲಿಗೆಂದು ವಿನಯಾ ಉಪ್ಪುನೀರು ಕಾಯಿಸಿದಳು. ಕಾಯಿಸಿದ ಮೇಲೆ ನೆನಪಾಗಿ ಚೆಲ್ಲಿದಳು.

"ಹ್ವಾಯ್, ವಿನಯಾ, ಎದ್ದ್ಯಾ?"

ಪಕ್ಕದ ಮನೆಯ ಸರೋಜಕ್ಕ ಅಂಗಳದಾಚೆ ನಿಂತಿದ್ದಳು.

"ಒಳ್ಗ್ ಬನ್ನಿ ಸರೋಜಕ್ಕ."

"ಬ್ಯಾಡ ಮಾರಾಯ್ತಿ. ಸೂತ್ಕದ ಮನಿ, ನೀರೂ ಮುಟ್ಟುಕಾಗ." ಆಕೆ ಸ್ವರ ತಗ್ಗಿಸಿದಳು. "ಸುಧಾಕರ ನಮ್ಮನಿಂದ ತಕಂಡ್ ಹೋದ್ ಬೆಳ್ಳಿನೀರಿನ ಬಾಟ್ಲಿ ಉಳ್ದಿತ್ತಾ? ಮಗ್ಳ್ ನವ್ಯಂಗೆ ಮತ್ತೆ ಗಂಟ್ಲ್ ನೋವ್."

"ಸೂತ್ಕದ ಮನಿ ಬಾಟ್ಲಿ ಅಡ್ಡಿಲ್ಯಾ?"

"ಮದ್ದಿಗೆ ಎಂತ ಸೂತ್ಕ?"

ಬಾಟ್ಲಿ ಕಪಾಟಿನಲ್ಲೇ ಇತ್ತು, ಮುಕ್ಕಾಲು ಖಾಲಿ. ಸರೋಜಕ್ಕನ ತಮ್ಮ ಲೀಲಾಧರ ಮುಂಬೈಯಿಂದ ತಂದದ್ದು. 'ನ್ಯಾನೊ ಬೆಳ್ಳಿ, ಟಾನ್ಸಿಲ್ ಬುಡದಿಂದ ಮಾಯ' ಎಂದು ಚೀಟಿ. ಸುಧಾಕರನಿಗೆ ನಾಲ್ಕು ವರ್ಷದಿಂದ ಟಾನ್ಸಿಲ್ ಊತ ಬಂದು ಹೋಗುತ್ತಿತ್ತು. ಈ ಸಲ ಡಾಕ್ಟರ ಮಾತ್ರೆಯನ್ನು ಮೂರನೇ ದಿನಕ್ಕೆ ಬಿಟ್ಟು ಈ ಹನಿ ಹಿಡಿದ. ಕೀವು ಕುತ್ತಿಗೆಗೆ ಇಳಿಯಿತು. ಆಸ್ಪತ್ರೆಯ ದಾರಿಯಲ್ಲೇ ಉಸಿರು ನಿಂತಿತು.

"ನವ್ಯಾ ಬಾಯಿ ತೆಗಿತ್ಲಾ?"

"ಒಂದ್ ಬೆರಳ್ ಹೋಪಷ್ಟ್. ಎಂಜ್ಲೂ ನುಂಗುಕಾತಿಲ್ಲೆ."

ಸುಧಾಕರನಿಗೂ ಹೀಗೆಯೇ ಆಗಿತ್ತು.

"ಬಾಟ್ಲಿ ಕೊಡ್ತಿಲ್ಲೆ. ಆಟೋ ಕರೆಸಿ. ಈಗ್ಲೇ ಕುಂದಾಪ್ರ ಆಸ್ಪತ್ರೆಗೆ ಹೋಯ್ಕ್."

"ಎಂತಕ್ಕೆ? ನ್ಯಾನೊ ಅಂದ್ರೆ ದೊಡ್ಡ್ ವಿಜ್ಞಾನ ಅಂಬ್ರಲೆ?"

"ವಿಜ್ಞಾನ ಹೌದ್. ಮದ್ದ್ ಆಯ್ಲಿಲ್ಲೆ ಇನ್ನೂ. ಟಾನ್ಸಿಲ್ ಅಂದ್ರೆ ಗಂಟ್ಲ್ ಬಾಗ್ಲ ಕಾವಲ್. ರೋಗ ಹಿಡುಕೆ ಅಲ್ಲಿ ಸಣ್ಣ್ ಸಣ್ಣ್ ಜೀವಕೋಶ ಇರತ್ತ್. ಆಪರೇಷನ್ ಮಾಡಿ ತೆಗ್ದ್ ಟಾನ್ಸಿಲಿನ ಕೋಶಕ್ಕೆ ಲ್ಯಾಬೊಳ್ಗ್ ಈ ನ್ಯಾನೊ ಕಣ ಹಾಕಿ ಪರೀಕ್ಷೆ ಮಾಡಿ ಕಾಂತ್ರ್. ಕೆಲವು ಕೋಶ ತಣಿತ್ತ್, ಕೆಲವು ಇನ್ನೂ ಕೆರಳತ್ತ್. ಯಾವ್ ಕಣ, ಎಷ್ಟ್, ಯಾರಿಗೆ ಅಂತ ಇನ್ನೂ ಹುಡುಕ್ತಾ ಇದ್ರ್. ಆ ಕೆಲ್ಸವೇ ಬೇರೆ. ಈ ಬಾಟ್ಲಿಯೊಳ್ಗ್ ಎಂತ ಇತ್ತ್ ಅಂತ ಚೀಟಿಯಲ್ಲೂ ಇಲ್ಲೆ."

ಸರೋಜಕ್ಕನಿಗೆ ಸಿಟ್ಟು ಬಂತು. "ಇಷ್ಟ್ ಗೊತ್ತಿದ್ದವ್ಳ್, ಗಂಡಂಗೆ ಹೇಳುಕಾಯ್ಲಿಲ್ಯಾ?"

ಮಂಗಳೂರಿನಲ್ಲಿ ಜೀವವಿಜ್ಞಾನದ ಎಂ.ಎಸ್ಸಿ. ಮಾಡಿದವಳು ವಿನಯಾ. ಬಾಟ್ಲಿ ಬಂದ ದಿನವೇ ಚೀಟಿ ಓದಿದ್ದಳು.

"ಹೇಳ್ಲಿಲ್ಲೆ. ನಿಮ್ ತಮ್ಮ ತಂದದ್. ನೆರೆಮನಿಯವ್ರೊಟ್ಟಿಗೆ ಜಗಳ ಎಂತಕ್ಕೆ ಅಂತ ಸುಮ್ನಾದೆ."

ಸರೋಜಕ್ಕ ಹೋಗಿ ಆಟೋ ಕರೆಸಿದಳು. ಮಗಳನ್ನು ನಡುವೆ ಕೂರಿಸಿ, ಜೊತೆಗೆ ಹತ್ತಿದ ಸೂತಕದವಳ ಮೈ ತಾಗದಂತೆ ಮುದುಡಿ ಕುಳಿತಳು. ಹೆಮ್ಮಾಡಿ ದಾಟುವಾಗ ಹುಡುಗಿಗೆ ಉಸಿರು ಸಿಕ್ಕಿಕೊಂಡಿತು. ಆಗ ಸರೋಜಕ್ಕನೇ ವಿನಯಾಳ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಡಾಕ್ಟರು ಕೀವು ತೆಗೆದರು. "ಸಂಜೆಯವರೆಗೆ ಕಾದಿದ್ದರೆ ಕಷ್ಟವಿತ್ತು. ಹತ್ತು ದಿನ ಮಾತ್ರೆ. ನೋವು ಹೋಯಿತೆಂದು ನಿಲ್ಲಿಸಬೇಡಿ. ಟಾನ್ಸಿಲ್ ತೆಗೆಯಬೇಕೋ ಬೇಡವೋ ಆಮೇಲೆ ನೋಡೋಣ."

ನವ್ಯಾ ಗಂಜಿ ಉಂಡ ದಿನ ಸರೋಜಕ್ಕ ತಮ್ಮನಿಗೆ ಫೋನಿನಲ್ಲೇ ಬೈದಳು: "ಇನ್ನೊಂದ್ ಬಾಟ್ಲಿ ತಂದ್ರೆ ಮೆಟ್ಲ್ ಹತ್ತುಕೆ ಬಿಡ್ತಿಲ್ಲೆ, ಕಾಣ್!"

ವಿನಯಾ ಬಾಟ್ಲಿ ತಂದು ಅವಳ ಕೈಗಿಟ್ಟಳು. "ನಮ್ಮನಿಯವ್ರ್ ಎರವಲ್ ತಂದದ್. ತಕಣಿ."

ಸರೋಜಕ್ಕ ಅದನ್ನು ಹಿಡಿಯಲಾರದೆ ಹಿಡಿದಳು. ತಪ್ಪಾಯಿತೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅಡ್ಡಿಯಿಲ್ಲ ಎಂದು ವಿನಯಾಳೂ ಹೇಳಲಿಲ್ಲ.

ಓದುತ್ತಿರುವ ಅಕ್ಕತಂಗಿಯರೇ, ಗಂಟಲು ನೋವಿನೊಂದಿಗೆ ಬಾಯಿ ತೆರೆಯಲಾಗದಿದ್ದರೆ, ಎಂಜಲು ನುಂಗಲಾಗದಿದ್ದರೆ, ಉಸಿರು ಕಟ್ಟಿದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಡಾಕ್ಟರು ಕೊಟ್ಟ ಮಾತ್ರೆ ಪೂರ್ತಿ ಮುಗಿಸಿ. ನ್ಯಾನೊ ಎಂಬ ಹೆಸರಿಗೆ ಮರುಳಾಗಿ ಬಾಟ್ಲಿ ಹಿಡಿಯಬೇಡಿ. ಪಕ್ಕದ ಮನೆಯವರು ಹಿಡಿದದ್ದು ಕಂಡರೆ ಸುಮ್ಮನಿರಬೇಡಿ. ಜಗಳವಾದರೆ ಆಗಲಿ, ಹೇಳಿ.