ಮನೆಯಿಂದ ಒಂದು ಕಿಲೋಮೀಟರ್

ಶಾಲೆಗೆ ರಜೆಯಿದ್ದ ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಆಡಿದ್ದು ಹಳೇ ಜಗಳವನ್ನೇ. ಕಾರು ಕೆಟ್ಟು ನಿಂತರೆ ಬಂದು ರಿಪೇರಿ ಮಾಡುವ ಕಂಪನಿಯೊಂದಕ್ಕೆ ಅವರು ವರ್ಷಕ್ಕೊಮ್ಮೆ ದುಡ್ಡು ಕಟ್ಟುತ್ತಿದ್ದರು. ಅದರ ಗಡುವು ಅಂದೇ ಮುಗಿಯುವುದಿತ್ತು. ಮತ್ತೆ ಕಟ್ಟಲೇಬೇಕೆಂದು ಅವಳು, ಸುತರಾಂ ಬೇಡವೆಂದು ಗಂಡ. ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮನೆಯಲ್ಲೂ ಮೇಷ್ಟ್ರೇ.

"ಎರಡು ವರ್ಷ ಕಟ್ಟಿದೀವಿ. ಒಂದು ಸಲನಾದ್ರೂ ಕೆಟ್ಟಿದೆಯಾ?"

"ಕೆಡಲಿಲ್ಲ ಅಂತ ಬೇಜಾರಾ ನಿಮಗೆ?"

"ಬೇಜಾರಲ್ಲ, ಲೆಕ್ಕ ಹೇಳ್ತಿದೀನಿ."

"ನಿಮ್ಮ ಲೆಕ್ಕ ನಡುರಸ್ತೆಗೆ ಬಂದು ಕಾರು ತಳ್ಳುತ್ತಾ?" ಎಂದು ಅವಳು ಕೀ ಎತ್ತಿಕೊಂಡು ಹೊರಟಳು.

ಅವಳದು ಹಲ್ಲಿನ ಸೆಟ್ ತಯಾರಿಸುವ ಕೆಲಸ. ಹಿತ್ತಿಲ ಕೋಣೆಯಲ್ಲಿ ಕೂತು, ಡಾಕ್ಟರುಗಳು ಕಳಿಸಿದ ಅಚ್ಚಿಗೆ ಮೇಣದ ಒಸಡು ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು, ತಾನೇ ಕ್ಲಿನಿಕ್ಕುಗಳಿಗೆ ಒಯ್ದು ಕೊಡುತ್ತಿದ್ದಳು. ಅಂದು ಡಬ್ಬಿಯಲ್ಲಿದ್ದದ್ದು ತಿಂಗಳಿಂದ ಬರೀ ಗಂಜಿ ಕುಡಿದು ರೋಸಿಹೋಗಿದ್ದ ಮುದುಕರೊಬ್ಬರ ಪೂರ್ತಿ ಸೆಟ್. ಹನ್ನೊಂದಕ್ಕೆ ಅವರು ಕುರ್ಚಿಯಲ್ಲಿ ಬಾಯಿ ತೆರೆದು ಕೂರುವವರಿದ್ದರು.

ಗೇಟಿನ ಮುಂದೆ ನಿಂತಿದ್ದ ಕಾರಿಗೆ ಕೀ ತಿರುಗಿಸಿದಳು. ಟಕ್ ಅಂದಿತು. ಮತ್ತೆ ತಿರುಗಿಸಿದಳು. ಆ ಟಕ್ ಕೂಡ ಇಲ್ಲ.

ಅವಳಿಗೆ ಒಳಗೊಳಗೇ ಖುಷಿಯಾಯಿತು ಎಂದರೆ ನಂಬಬೇಕು. "ರೀ, ಬನ್ನಿ ಇಲ್ಲಿ! ಕೆಟ್ಟಿದೆ!" ಎಂದು ಹಬ್ಬದ ಸುದ್ದಿ ಹೇಳುವ ದನಿಯಲ್ಲಿ ಕೂಗಿ, ಕಂಪನಿಗೆ ಫೋನ್ ಮಾಡಿದಳು. ತಮ್ಮ ಕರೆ ನಮಗೆ ಅಮೂಲ್ಯ ಎಂದು ಯಂತ್ರ ಹೇಳಿತು. ಕೊಳಲು ಬಾರಿಸಿತು. ಮತ್ತೆ ಅಮೂಲ್ಯ ಎಂದಿತು. ಕಿವಿ ಬಿಸಿಯಾದ ಮೇಲೆ ಹುಡುಗಿಯೊಬ್ಬಳ ದನಿ ಬಂತು.

"ಕಾರು ಈಗ ಎಲ್ಲಿದೆ ಮೇಡಂ?"

"ನಮ್ಮ ಮನೆ ಮುಂದೇನೇ."

"ಸಾರಿ ಮೇಡಂ. ನಿಮ್ಮ ಪ್ಲಾನಲ್ಲಿ ಮನೆ ಹತ್ರ ಸೇರಲ್ಲ. ಮನೆಯಿಂದ ಒಂದು ಕಿಲೋಮೀಟರ್ ಆಚೆ ಕೆಟ್ಟಿದ್ರೆ ಮಾತ್ರ ಬರ್ತೀವಿ."

"ಅಲ್ಲಮ್ಮ, ಕೆಟ್ಟ ಕಾರು ಒಂದು ಕಿಲೋಮೀಟರ್ ಹೋಗೋದು ಹೇಗೆ?"

"ರೂಲ್ಸ್ ಹಾಗಿದೆ ಮೇಡಂ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ಮೇಷ್ಟ್ರು ಬಾಗಿಲಿಗೆ ಒರಗಿ ನಿಂತಿದ್ದರು. ನಗಲಿಲ್ಲ; ನಗು ತಡೆದಿದ್ದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. "ಟ್ಯಾಕ್ಸಿ ಮಾಡ್ಕೊಂಡು ಹೋಗು," ಎಂದರು.

"ಎರಡು ವರ್ಷ ಕಟ್ಟಿದ್ದು ಟ್ಯಾಕ್ಸಿ ಮಾಡ್ಕೊಳ್ಳೋಕಾ? ಇವತ್ತು ಅವರನ್ನ ಕರೆಸದೇ ಬಿಡಲ್ಲ."

ಅತ್ತೆ ಜಗುಲಿಯಿಂದ ಇಳಿದು ಬಂದರು. ಒಂದು ಕಾಲಕ್ಕೆ ಆಸ್ಪತ್ರೆಯ ವ್ಯಾನ್ ಓಡಿಸಿದ್ದ ಹೆಂಗಸು. "ಒಂದು ಕಿಲೋಮೀಟರ್ ತಾನೇ? ನಾನು ಸ್ಟೇರಿಂಗ್ ಹಿಡೀತೀನಿ, ನೀವಿಬ್ಬರೂ ತಳ್ಳಿ," ಎಂದು ಸೆರಗು ಸಿಕ್ಕಿಸಿ ಒಳಗೆ ಕೂತೇಬಿಟ್ಟರು.

ತಳ್ಳಿದರು. ತನ್ನ ಕಾರು ಒರೆಸುತ್ತಿದ್ದ ಎದುರುಮನೆಯಾತ ಬೇಲಿಯಾಚೆಯಿಂದ, "ಏನು ಮೇಷ್ಟ್ರೇ, ಕಾರು ಕೆಟ್ಟಿದೆಯಾ?" ಎಂದ. "ಇಲ್ಲ, ವಾಕಿಂಗ್ ಕರ್ಕೊಂಡು ಹೋಗ್ತಿದೀವಿ," ಎಂದರು ಮೇಷ್ಟ್ರು ಏದುಸಿರು ಬಿಡುತ್ತ. ತಳ್ಳುತ್ತಲೇ ಎಂಜಿನ್ ಎಬ್ಬಿಸುತ್ತೇನೆಂದು ಅತ್ತೆ ಆಗಾಗ ಗೇರಿಗೆ ಹಾಕುವರು. ಕಾರು ಗಕ್ಕನೆ ನಿಲ್ಲುವುದು. ಇಬ್ಬರ ಮೊಣಕಾಲೂ ಬಂಪರಿಗೆ ಬಡಿಯುವುದು. "ಅಮ್ಮಾ, ಸಾಕು ಬಿಡು!" "ನೀನು ಸರಿಯಾಗಿ ತಳ್ಳಿದ್ದಿದ್ರೆ ಇಷ್ಟೊತ್ತಿಗೆ ಸ್ಟಾರ್ಟ್ ಆಗ್ತಿತ್ತು ಕಣೋ!" ದಿನಸಿ ಅಂಗಡಿ ದಾಟಿದರು. ಶಾಲೆಯ ಕಾಂಪೌಂಡ್ ದಾಟಿದರು. ಕ್ಲಿನಿಕ್ಕಿನಿಂದ ಒಂದೇ ಸಮ ಫೋನು. ಬೆವರಿನ ಕೈಯಲ್ಲಿ ಹೇಗೋ ಎತ್ತಿ, "ಬಂದೆ ಡಾಕ್ಟ್ರೇ, ದಾರೀಲಿದೀನಿ," ಎಂದಳು. ಅದೇನೂ ಸುಳ್ಳಾಗಿರಲಿಲ್ಲ.

ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸಿ ಮತ್ತೆ ಕರೆ ಮಾಡಿದಳು. ಕೊಳಲು ಕೇಳಿ ಮುಗಿದ ಮೇಲೆ ಅದೇ ಹುಡುಗಿ ಲೊಕೇಶನ್ ನೋಡಿ, "ಇನ್ನೂ ಸ್ವಲ್ಪ ಕಮ್ಮಿ ಇದೆ ಮೇಡಂ," ಎಂದಳು.

"ಎಷ್ಟು ಸ್ವಲ್ಪ?"

"ಮುಂದಿನ ಸರ್ಕಲ್ ದಾಟಿದ್ರೆ ಆಗುತ್ತೆ."

ಸರ್ಕಲ್‌ವರೆಗೂ ಏರು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಯಾವುದು ಮೊದಲು ಬಂತೋ ತಿಳಿಯಲಿಲ್ಲ. ಮೇಷ್ಟ್ರು ಅವಳ ಮುಖ ನೋಡಿ ಮತ್ತೆ ಡಿಕ್ಕಿಗೆ ಹೆಗಲು ಕೊಟ್ಟರು. ಬಂಕಿನವರಿಬ್ಬರು ಕೈಜೋಡಿಸಿದ್ದರಿಂದ ಹೇಗೋ ಏರು ಹತ್ತಿತು.

ಆಮೇಲೆ ಕಾಯುವ ಪಾಳಿ. ಮೂರನೇ ಕರೆಗೆ ಅರ್ಧ ಗಂಟೆ ಅಂದ ಕಂಪನಿಯವರು ಎರಡು ಗಂಟೆ ಕಾಯಿಸಿದರು. ಮುದುಕರು ಬೇಸತ್ತು ಮನೆಗೆ ಹೋದರೆಂದೂ, ಮುಂದಿನ ಸೆಟ್ಟಿನ ಕೆಲಸ ಬೇರೆಯವರಿಗೆ ಕೊಡುವುದಾಗಿಯೂ ಡಾಕ್ಟರು ಹೇಳಿ ಫೋನಿಟ್ಟರು. ಕೊನೆಗೂ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿ, ತನ್ನ ಗಾಡಿಯಿಂದ ವೈರ್ ಎಳೆದು ಕರೆಂಟ್ ಕೊಟ್ಟ. ಕಾರು ಏನೂ ಆಗದ ಹಾಗೆ ಗುರ್ ಅಂದಿತು.

"ಬ್ಯಾಟರಿ ಸತ್ತಿದೆ. ಹೊಸದು ಹಾಕಿಸ್ಕೊಳ್ಳಿ."

"ಇಷ್ಟೇನಾ?"

"ಇಷ್ಟೇ. ಯಾವ ಕಾರಿಂದ ಬೇಕಾದ್ರೂ ಕೊಡಬಹುದಿತ್ತು. ಪಕ್ಕದ ಮನೇಲಿ ಯಾರ ಹತ್ರಾನೂ ಕಾರಿಲ್ವಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವಳು ನೇರ ಮುದುಕರ ಮನೆಗೇ ಹೋಗಿ ಕ್ಷಮೆ ಕೇಳಿ, ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಕರೆದೊಯ್ದಳು. ಅಲ್ಲಿ ಕೂತಷ್ಟು ಹೊತ್ತೂ ಡಾಕ್ಟರು ಅವಳನ್ನು ಮಾತಾಡಿಸಲಿಲ್ಲ. ಸೆಟ್ ಮಾತ್ರ ಒಂದಿಷ್ಟೂ ಉಜ್ಜುವ ಕೆಲಸವಿಲ್ಲದೆ ಸರಿಯಾಗಿ ಕೂತಿತು.

ಸಂಜೆ ಕಂಪನಿಯ ಹುಡುಗಿಯೇ ಫೋನ್ ಮಾಡಿದಳು. ಇನ್ನಷ್ಟು ಕಟ್ಟಿದರೆ ಮನೆ ಬಾಗಿಲೂ ಸೇರುತ್ತದಂತೆ. ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಸೋಫಾದಲ್ಲಿ ಬಿದ್ದಿದ್ದ ಮೇಷ್ಟ್ರು ತಲೆಯೆತ್ತಿ, "ತಗೋ, ತಗೋ! ಮನೆ ಬಾಗಿಲಿಗೆ ಬರೋದಾದ್ರೆ ಕಟ್ಟಿಬಿಡು," ಎಂದು ಕೈಸನ್ನೆ ಮಾಡಿದರು.

"ಬೆಳಿಗ್ಗೆ ಬೇಡ ಅಂದಿದ್ದು ಯಾರು?"

"ಬೆಳಿಗ್ಗೆ ನನ್ನ ಬೆನ್ನು ನೆಟ್ಟಗಿತ್ತು."

ಅವಳು ಫೋನಿಗೆ ಬಾಯಿಟ್ಟು ಕೇಳಿದಳು: "ಕರೆದ್ರೆ ಎಷ್ಟೊತ್ತಿಗೆ ಬರ್ತೀರಾ?" ಅದು ಟ್ರಾಫಿಕ್ ನೋಡಿಕೊಂಡು ಮೇಡಂ. "ವರ್ಷಕ್ಕೆ ಎಷ್ಟು ಸಲ?" ಮೂರು ಮೇಡಂ, ಆದರೆ ಒಂದೇ ತೊಂದರೆ ಎರಡು ಸಲ ಬಂದರೆ ಸೇರಲ್ಲ. "ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ ಮೇಡಂ."

ಅದು ನಿಜವೇ ಆದ್ದರಿಂದ ಅವಳಿಗೆ ಇನ್ನಷ್ಟು ಉರಿಯಿತು. ಬೇಡ ಎಂದು ಫೋನಿಟ್ಟಳು. ಆ ದುಡ್ಡಿಗೆ ಸೋಮವಾರ ಹೊಸ ಬ್ಯಾಟರಿ ಹಾಕಿಸಿದಳು. ಮೇಷ್ಟ್ರು ಮಾತ್ರ ಕಾರು ಎಲ್ಲಿ ಸ್ವಲ್ಪ ಸದ್ದು ಮಾಡಿದರೂ, "ಕಟ್ಟಬೇಕಿತ್ತು," ಅನ್ನತೊಡಗಿದರು. ಕೇಳಿ ಕೇಳಿ ಸಾಕಾಗಿ ಅವಳು ಎದುರುಮನೆಯಾತನನ್ನು ವಿಚಾರಿಸಿ, ಆತನ ಕಾರು ರಿಪೇರಿ ಮಾಡುವ ಗ್ಯಾರೇಜಿನವನ ನಂಬರು ಬರೆದುಕೊಂಡಳು.

"ಕರೆದ್ರೆ ಬರ್ತಾನಾ?"

"ಬರ್ತಾನೆ," ಎಂದ ಆತ. "ಫೋನ್ ಎತ್ತಿದ್ರೆ."