ಎರಡು ಜೊತೆ ಚಪ್ಪಲಿ

ಹಣೆಯ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲೆಂದು ಯಂಕೇಶ ಎಡಗೈ ಎಳೆದುಕೊಂಡ. ಕೈ ಬರಲಿಲ್ಲ. ತಲೆ ಹೊರಳಿಸಿ ನೋಡಿದ. ಮಣಿಕಟ್ಟಿನವರೆಗೆ ಕೈ ಕಾಣುತ್ತಿತ್ತು. ಅದರಾಚೆ ಮರದ ಕೊರಡು, ಕೊರಡಿನ ಮೇಲೆ ಲಾರಿಯ ಚಾಸಿ. ನೋವು ಆಮೇಲೆ ಬಂತು. ಬಂದದ್ದು ಹೋಗಲಿಲ್ಲ.

ಗಂಗಾವತಿಯ ಮಿಲ್ಲಿನಲ್ಲಿ ಅಕ್ಕಿ ಹೇರಿಕೊಂಡು ಸೊಲ್ಲಾಪುರಕ್ಕೆ ಹೊರಟಿದ್ದ. ತಾವರಗೇರಾ ದಾಟಿ ಕುಷ್ಟಗಿ ಕಡೆ ಬರುವಾಗ ಹಿಂದಿನ ಎಡಗಡೆಯ ಪಾಟಾ, ಹೊರೆ ತಾಳುವ ಸ್ಪ್ರಿಂಗಿನ ಪಟ್ಟಿ, ಮುರಿಯಿತು. ಲಾರಿ ಒಂದು ಮಗ್ಗುಲಿಗೆ ಕುಸಿದು ಟೈರು ಬಾಡಿಗೆ ಉಜ್ಜತೊಡಗಿತು. ಇಂಥ ಹೊತ್ತಿನಲ್ಲಿ ಎಲ್ಲ ಡ್ರೈವರ್‌ಗಳೂ ಮಾಡುವುದನ್ನೇ ಅವನೂ ಮಾಡಿದ. ಬದಿಗೆ ನಿಲ್ಲಿಸಿ ಜಾಕ್ ಕೊಟ್ಟು ಎತ್ತಿದ. ಚಾಸಿಗೂ ಅಚ್ಚಿಗೂ ನಡುವೆ ಕೊರಡು ಇಟ್ಟರೆ ಕುಷ್ಟಗಿಯ ಗ್ಯಾರೇಜಿನವರೆಗೆ ಮೆಲ್ಲಗೆ ಹೋಗಬಹುದು. ಆದರೆ ರಸ್ತೆಯ ಅಂಚಿನಲ್ಲಿ ಕುಡಿಯುವ ನೀರಿನ ಪೈಪಿಗೆಂದು ಅಗೆದು ಮುಚ್ಚಿದ್ದರು. ಮೇಲೆ ಗಟ್ಟಿಯಾಗಿ ಕಾಣುವ ಮಣ್ಣು ಒಳಗೆ ಹಿಟ್ಟಿನ ಹಾಗಿತ್ತು. ಅವನು ಒಳಗೆ ಸರಿದು ಕೊರಡು ಕೂರಿಸುತ್ತಿದ್ದಾಗ ಜಾಕ್ ನಾಲ್ಕು ಬೆರಳು ಇಳಿಯಿತು.

ಜಾಕಿಗೆ ಹಾಕುವ ಕಬ್ಬಿಣದ ರಾಡು ಅವನ ಬಲಗೈ ಪಕ್ಕದಲ್ಲೇ ಬಿದ್ದಿತ್ತು. ಜಾಕ್ ಮಾತ್ರ ಚಕ್ರದ ಆಚೆ ಇತ್ತು. ಎಷ್ಟು ಚಾಚಿದರೂ ಒಂದು ಮೊಳ ಕಮ್ಮಿ. ಫೋನು ಮೇಲೆ ಕ್ಯಾಬಿನ್ನಿನಲ್ಲಿ ಚಾರ್ಜಿಗೆ ಹಾಕಿದ್ದ. ಕೂಗಿದ. ಗಂಟೆ ಹನ್ನೊಂದಿರಬಹುದು, ಏಪ್ರಿಲ್ ತಿಂಗಳ ಬಿಸಿಲು, ಸುತ್ತ ಹರಗಿ ಬಿಟ್ಟ ಎರೆ ಹೊಲಗಳು, ಅಂಚಿಗೆ ಒಂದಿಷ್ಟು ಜಾಲಿ ಪೊದೆ. ಕಿವಿಗೆ ಬಿದ್ದದ್ದು ಮೇಲಿನ ತಾಡಪಾಲು ಪಟಪಟ ಬಡಿದುಕೊಳ್ಳುವ ಸದ್ದೊಂದೇ.

ಒಂದು ಬಸ್ಸು ಹೋಯಿತು. ಅವನು ಲಾರಿಯ ಹಿಂದಕ್ಕೆ ಚಾಚಿಕೊಂಡಿದ್ದ ಕಾಲು ಬಡಿದ. ಬಸ್ಸಿನವನು ಹಾರ್ನ್ ಹೊಡೆದು ಹೋದ. ಆಮೇಲೆ ಎರಡು ಟ್ರ್ಯಾಕ್ಟರು, ಒಂದು ಕಾರು. ನಿಂತ ಲಾರಿಯ ಕೆಳಗೆ ಎರಡು ಕಾಲು ಕಂಡರೆ ಯಾರೂ ಬ್ರೇಕ್ ಒತ್ತುವುದಿಲ್ಲ. ರಿಪೇರಿ ಮಾಡುತ್ತಿರುತ್ತಾನೆ, ಇಲ್ಲವೇ ನೆರಳಿಗೆ ಮಲಗಿರುತ್ತಾನೆ. ಯಂಕೇಶ ತಾನೂ ಇಪ್ಪತ್ತು ವರ್ಷದಲ್ಲಿ ಅಂಥ ಎಷ್ಟೋ ಕಾಲುಗಳನ್ನು ನೋಡಿಕೊಂಡು ಹೋಗಿದ್ದ.

ಅರ್ಧ ಗಂಟೆಯ ಮೇಲೆ ಒಂದು ಬೈಕು ನಿಂತಿತು. ಎರಡು ಜೊತೆ ಕಾಲು ಇಳಿದವು. ಒಂದಕ್ಕೆ ಬೂಟು, ಇನ್ನೊಂದಕ್ಕೆ ರಬ್ಬರ್ ಚಪ್ಪಲಿ.

"ಏನಾತಣ್ಣ, ಪಾಟಾ ಹೋತೇನು?" ಬೂಟಿನವನು ಕೇಳಿದ.

"ಹೂಂ."

ಚಪ್ಪಲಿಯವನು ಮುಂದಕ್ಕೆ ನಡೆದ. ಡೀಸೆಲ್ ಟ್ಯಾಂಕಿನ ಮೇಲೆ ಯಾರೋ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದ ಸದ್ದು. ತುಂಬಿದ ಟ್ಯಾಂಕಿನ ಸದ್ದು.

"ಒಬ್ಬನ ಅದೀಯೇನಣ್ಣ?"

ಯಂಕೇಶನಿಗೆ ಡ್ರೈವಿಂಗ್ ಕಲಿಸಿದವನು ರಾಜಾಸಾಬ. ಸ್ಟಿಯರಿಂಗ್ ಕೊಡುವ ಮೊದಲು ಅವನು ಕಲಿಸಿದ್ದು ರಸ್ತೆ ಬದಿಯಲ್ಲಿ ನಿಲ್ಲುವುದನ್ನು. 'ನಿಂತ ಗಾಡಿ ಕಂಡ ಕೂಡಲೇ ಕಳ್ಳರು ಕೇಳೂದು ಒಂದ ಮಾತು, ಎಷ್ಟು ಮಂದಿ ಅದೀರಿ ಅಂತ. ನೀ ಒಬ್ಬನ ಇದ್ರೂ ಇಬ್ಬರು ಅನ್ನು. ಹೇಳೂದಷ್ಟ ಅಲ್ಲ, ತೋರಸು.' ತೋರಿಸಲು ರಾಜಾಸಾಬ ಕ್ಯಾಬಿನ್ನಿನ ಮೆಟ್ಟಿಲ ಕೆಳಗೆ ಇನ್ನೊಂದು ಜೊತೆ ಚಪ್ಪಲಿ ಬಿಡುತ್ತಿದ್ದ. ಈಗ ಯಾವ ಮಾಲಕನೂ ಕ್ಲೀನರ್ ಕೊಡುವುದಿಲ್ಲ. ಯಂಕೇಶ ಆರು ವರ್ಷದಿಂದ ಒಂಟಿಯಾಗಿಯೇ ಗಾಡಿ ಓಡಿಸುತ್ತಾನೆ. ಇವತ್ತೂ ಇಳಿದ ಕೂಡಲೇ, ಜಾಕ್ ತೆಗೆಯುವುದಕ್ಕೂ ಮೊದಲು, ತನ್ನ ಚಪ್ಪಲಿಯ ಪಕ್ಕ ಆ ಇನ್ನೊಂದು ಜೊತೆಯನ್ನು ಇಟ್ಟಿದ್ದ.

"ಇಬ್ಬರದೀವಿ," ಅಂದ. ದನಿ ಗಟ್ಟಿಯಾಗಿಯೇ ಬಂತು. "ಇನ್ನೊಬ್ಬ ಇಲ್ಲೇ ಜಾಲಿ ಕಡೆ ಹೋಗ್ಯಾನ. ಬರಾಕತ್ಯಾನ."

"ಹೌದಪಾ, ಎರಡು ಜೋಡಿ ಅದಾವ," ಚಪ್ಪಲಿಯವನು ಮುಂದಿನಿಂದ ಹೇಳಿದ. "ನಡಿ ಗಿಡ್ಡಪ್ಪ, ಮಂದಿ ಅದಾರ."

"ಹುಷಾರಣ್ಣ," ಅಂದ ಬೂಟಿನವನು.

ಬೈಕು ಸ್ಟಾರ್ಟ್ ಆಯಿತು. ಆಗ ಯಂಕೇಶ ಬಾಯಿ ತೆರೆದು ಕೂಗಿದ. ಕೈ ಸಿಕ್ಕೈತಿ ಎಂದು ಮೂರು ಸಲ ಕೂಗಿದ. ಇಂಜಿನ್ ಸದ್ದಿನಲ್ಲಿ ಕೇಳಿತೋ ಇಲ್ಲವೋ, ಬೈಕು ಹೋಯಿತು. ಅವರು ಡೀಸೆಲ್ ಕದಿಯುವವರೋ, ಸುಮ್ಮನೆ ಕೇಳಿದವರೋ ಅವನಿಗೆ ಯಾವತ್ತೂ ಗೊತ್ತಾಗಲಿಲ್ಲ.

ಕೊರಡಿನ ಕೆಳಗಿಂದ ರಕ್ತ ಸಣ್ಣಗೆ ಜಿನುಗಿ ಮೊಣಕೈವರೆಗೆ ಬಂದು ಒಣಗುತ್ತಿತ್ತು. ಕಿರುಬೆರಳು, ಅದರ ಪಕ್ಕದ್ದು ಎಲ್ಲಿವೆ ಎಂದೇ ತಿಳಿಯುತ್ತಿರಲಿಲ್ಲ. ಮಣ್ಣು ಇನ್ನೂ ಇಳಿಯುತ್ತಿತ್ತು. ಆಗಾಗ ಜಾಕ್ ಕಿರ್ ಎನ್ನುತ್ತಿತ್ತು, ಆಗೆಲ್ಲ ಅವನು ಉಸಿರು ಹಿಡಿಯುತ್ತಿದ್ದ. ಕೈ ಹೋದರೆ ಕೆಲಸ ಹೋಯಿತು. ಸ್ಟಿಯರಿಂಗ್ ಬಲಗೈ ನೋಡಿಕೊಳ್ಳಬಹುದು; ಹೊರೆ ತುಂಬಿದ ಗಾಡಿಗೆ ಗೇರು ಹಾಕುವ ಕೈ ಯಾವುದು?

ಎದುರಿಗೆ ಒಂದು ಆಡು ಬಂದು ನಿಂತಿತು. ಹರಿದ ಚೀಲದಿಂದ ಉದುರಿದ್ದ ಅಕ್ಕಿಯನ್ನು ನೆಕ್ಕುತ್ತ ಲಾರಿಯ ಕೆಳಗೇ ನುಸುಳಿತು. ಹಿಂದೆ ಇನ್ನೊಂದು. ಆಮೇಲೆ ಒಬ್ಬಳ ಕಾಲು ಕಂಡವು, ಬಿರುಕು ಬಿಟ್ಟ ಹಿಮ್ಮಡಿ, ಮಾಸಿದ ಹಸಿರು ಸೀರೆಯ ಅಂಚು. ಪಕ್ಕದಲ್ಲಿ ನೆಲಕ್ಕೂರಿದ ಉದ್ದನೆಯ ಕೋಲು. ಕಾಲು ಹತ್ತು ಮಾರು ದೂರದಲ್ಲೇ ನಿಂತವು.

"ನನ್ನ ಆಡು ಬಿಡೋ."

"ನಾ ಹಿಡಿದಿಲ್ಲಬೇ ಯವ್ವಾ. ಕೈ ಸಿಕ್ಕೈತಿ ನಂದು. ಸ್ವಲ್ಪ ಹತ್ರ ಬಾ."

"ಬರ್ತೀನಿ ಬರ್ತೀನಿ, ಕರಿ. ಹೋದ ವರ್ಷ ನಿಮ್ಮಂಥವನ ಒಬ್ಬ ನೀರು ಕೇಳಿದ. ಕೊಡ ಇಳಿಸಿ ನೀರು ಹಾಕೂದ್ರೊಳಗ ಇನ್ನೊಬ್ಬ ಎರಡು ಹೋತ ಎತ್ತಿ ಗಾಡ್ಯಾಗ ಒಗೆದ. ಇನ್ನೊಬ್ಬ ಎಲ್ಲದಾನ?"

"ಇನ್ನೊಬ್ಬ ಇಲ್ಲ. ನಾ ಒಬ್ಬನ."

"ಸುಳ್ಳು. ಆ ಬೈಕಿನವರಿಗೆ ಹೇಳಿದ್ದು ಕೇಳೀನಿ. ಜಾಲಿ ಕಡೆ ಹೋಗ್ಯಾನ ಅಂದಿ. ಜಾಲ್ಯಾಗ ಇದ್ದಾಕಿ ನಾನ. ನೀ ಕೂಗಿದ್ರೂ ಹೆದರಿ ಅಲ್ಲೇ ಕುಂತಿದ್ದೆ, ಆ ಇನ್ನೊಬ್ಬ ಯಾವ ಕಡಿಂದ ಬರ್ತಾನೋ ಅಂತ."

ಯಂಕೇಶ ಕಣ್ಣು ಮುಚ್ಚಿದ. "ಅದು ಸುಳ್ಳು ಹೇಳಿದೆ."

"ಆಗ ಸುಳ್ಳೋ, ಈಗ ಸುಳ್ಳೋ?"

"ಆಗ."

"ಎರಡು ಜೋಡಿ ಚಪ್ಪಲಿ ಅದಾವಲ್ಲೋ ಇಲ್ಲಿ. ನಿನಗೇನು ನಾಕು ಕಾಲ?"

ಅವಳ ಹೆಸರು ಗೌಸಬೀ ಎಂದು ಅವನಿಗೆ ತಿಳಿದದ್ದು ಆಮೇಲೆ. ಈಗ ಕಾಣುತ್ತಿದ್ದದ್ದು ಹಿಂದಕ್ಕೆ ಸರಿಯುತ್ತಿದ್ದ ಹಿಮ್ಮಡಿಗಳು ಮಾತ್ರ. ಅವಳು ಆಡುಗಳನ್ನು ಹುರ್ರ್ ಎಂದು ಕರೆದಳು. ಅವು ಅಕ್ಕಿ ಬಿಟ್ಟು ಬರಲಿಲ್ಲ. ಬಂದಿದ್ದರೆ ಅವಳು ಹೋಗಿಬಿಡುತ್ತಿದ್ದಳು.

"ಯವ್ವಾ, ಆ ಹಳೇ ಜೋಡಿ ನಿನ್ನ ಕೋಲಿನಿಂದ ಹೊಳ್ಳಿಸಿ ನೋಡು," ಅಂದ. "ದೂರ ನಿಂತ ನೋಡು. ಎರಡೂ ಎಡಗಾಲಿನವ ಅದಾವ. ಒಂದು ಕಾರಟಗಿ ಸ್ಟ್ಯಾಂಡಿನ್ಯಾಗ ಸಿಕ್ಕಿತ್ತು, ಇನ್ನೊಂದು ಇಳಕಲ್ಲಿನ ಡಾಬಾದಾಗ. ಕಳ್ಳರಿಗೆ ತೋರ್ಸಾಕ ಇಡತೀನಿ."

ಕೋಲು ನೆಲದಿಂದ ಎದ್ದಿತು. ಮುಂದೆ ಏನೋ ಕೆರೆದ ಸದ್ದು. ಆಮೇಲೆ ಮೂಗಿನಲ್ಲಿ ನಕ್ಕಂಥ ಸದ್ದು.

"ಇವನ್ನ ಮೆಟಗೊಂಡು ಯಾವನೂ ಆಡಿನ ಹಿಂದ ಓಡಂಗಿಲ್ಲ ಬಿಡು."

ಅಷ್ಟಾದರೂ ಅವಳು ಹತ್ತಿರ ಬರಲಿಲ್ಲ. ದೂರದಿಂದಲೇ ಬಗ್ಗಿ ನೋಡಿದಳು. ಐವತ್ತು ದಾಟಿದ ಮುಖ, ತಲೆಯ ಮೇಲೆ ಸೆರಗು. ಕೋಲಿನ ತುದಿಗೆ ಕುಡುಗೋಲು ಕಟ್ಟಿತ್ತು.

"ಬಲಗೈಯಾಗ ಏನೈತಿ?"

ಅವನು ನೋಡಿಕೊಂಡ. ರಾಡನ್ನು ಹಿಡಿದೇ ಇದ್ದ. ಬೈಕಿನವರು ನಿಂತಾಗ ಹಿಡಿದವನು ಬಿಟ್ಟಿರಲಿಲ್ಲ.

"ಜಾಕಿನ ರಾಡು."

"ಹೊರಗ ಒಗಿ."

ಕೈಯಲ್ಲಿ ಇದ್ದದ್ದು ಅದೊಂದೇ. ಒಗೆದ. ಅದು ಡಾಂಬರಿನ ಮೇಲೆ ಠಣ್ಣೆಂದು ಬಿತ್ತು. ಅವಳು ಕುಡುಗೋಲಿನ ಕೊಕ್ಕೆಯಿಂದ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ಮ್ಯಾಲ ಫೋನ್ ಐತಿ ಯವ್ವಾ, ಕ್ಯಾಬಿನ್ನಿನ್ಯಾಗ. ತಂದುಕೊಡ್ತಿ?"

"ನಿನ್ನ ಗಾಡಿ ನಾ ಹತ್ತಂಗಿಲ್ಲ. ನಾಳೆ ಏನರ ಇಲ್ಲಂದ್ರ ನನ್ನ ಹೆಸರು ಹೇಳತೀರಿ. ಇದನ್ನ ಎಲ್ಲಿ ಹಾಕಬೇಕು ಹೇಳು."

ಅವನು ಹೇಳಿದ. ಅವಳು ಚಕ್ರದ ಆಚೆ ಕುಕ್ಕರಗಾಲಲ್ಲಿ ಕುಳಿತಳು. ರಾಡು ತೂತಿನಲ್ಲಿ ಕೂರಲು ಎರಡು ಸಲ ತಪ್ಪಿತು. ಒತ್ತಿದಳು. ಲಾರಿ ಏಳಲಿಲ್ಲ, ಜಾಕೇ ಮಣ್ಣಿನಲ್ಲಿ ಇಳಿಯಿತು. ಕೊರಡು ಒಂದು ನೂಲು ಹೊರಳಿ ಬೆರಳುಗಳ ಮೇಲೆ ಕೂತಿತು. ಯಂಕೇಶ ತನ್ನ ಬಲ ತೋಳನ್ನು ಕಚ್ಚಿಕೊಂಡ.

"ಇಳ್ಯಾಕತ್ತೈತಲ್ಲೋ."

"ಬಿಡಬ್ಯಾಡ. ಒತ್ತು."

"ಕೈ ಹೋಗತೈತಿ ತಮ್ಮಾ."

"ಬಿಟ್ರೂ ಹೋಗತೈತಿ. ಒತ್ತಬೇ."

ಅವಳು ಒತ್ತಿದಳು. ಬಳೆಗಳು ಒಂದೇ ಸಮನೆ ಕುಲುಕಿದವು. ಎಲ್ಲೋ ಕೆಳಗೆ ಜಾಕಿನ ತಳಕ್ಕೆ ಗಟ್ಟಿ ಗರಸು ತಾಗಿರಬೇಕು, ರಾಡು ಬಿಗಿಯಾಯಿತು. ಅವಳು ಎದ್ದು ನಿಂತು ಮೈಭಾರ ಹಾಕಿದಳು. ಚಾಸಿ ಕೂದಲೆಳೆಯಷ್ಟು ಎದ್ದಿತು, ಆಮೇಲೆ ಒಂದು ಬೆರಳು. ಅವನು ಬಲಗೈಯಿಂದ ಎಡ ಮಣಿಕಟ್ಟು ಹಿಡಿದು, ಬೇರೆಯವರ ಕೈಯನ್ನು ಎಳೆಯುವಂತೆ, ಎಳೆದುಕೊಂಡ.

ಬೆನ್ನ ಮೇಲೆ ಸರಿದು ಹೊರಗೆ ಬರುವಷ್ಟರಲ್ಲಿ ಅವಳು ರಸ್ತೆಯ ನಡುವೆ ಹೋಗಿ ನಿಂತಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ರಾಡು.

"ಅಲ್ಲೇ ಕುಂದ್ರು. ಹತ್ರ ಬರಬ್ಯಾಡ."

ಅವನು ಕುಳಿತ. ತಲೆ ತಿರುಗುತ್ತಿತ್ತು. ಹೆಬ್ಬೆರಳು ಅಲುಗಿಸಿದ, ಅಲುಗಿತು. ತೋರುಬೆರಳು ಅಲುಗಿತು. ಉಳಿದ ಮೂರು ನೀಲಿಯಾಗಿ, ಯಾವ ಮಾತೂ ಕೇಳದೆ, ಹಾಗೇ ಇದ್ದವು. ಅವುಗಳನ್ನೇ ನೋಡಿದ. ಅವಳೂ ದೂರದಿಂದ ನೋಡಿದಳು.

"ಫೋನ್ ಮಾಡ್ಕೊಳ್ಳಾಕ ಮ್ಯಾಲ ಹತ್ತಲೇನು?"

"ಹತ್ತು. ಬಾಗಿಲಾ ತಗದ ಇರಲಿ, ಕಾಣಬೇಕು."

ಒಂದೇ ಕೈಯಲ್ಲಿ ಹತ್ತಲು ಹೊತ್ತು ಹಿಡಿಯಿತು. ಆಂಬುಲೆನ್ಸಿನವರು ಯಾವ ಜಾಗ ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಅವಳು ಕೆಳಗಿನಿಂದ ಹೇಳಿದಳು, ಅವನು ಫೋನಿನಲ್ಲಿ ಹೇಳಿದ.

"ಹಳೇ ಖಣಿ ಮುಂದ."

"ಹಳೇ ಖಣಿ ಮುಂದ."

"ಗೌಸಬೀ ಆಡು ಮೇಸೋ ಜಾಗ ಅಂದ್ರ ಯಾರರ ತೋರಸ್ತಾರ."

ಅದನ್ನೂ ಹೇಳಿದ. ಮುಕ್ಕಾಲು ಗಂಟೆ ಆಗುತ್ತದೆ ಎಂದರು.

"ನೀ ಹೋಗಬೇ, ಬಿಸಲೈತಿ," ಕೆಳಗಿಳಿದು ಅವನು ಅಂದ.

"ಹೆಂಗ ಹೋಗಲಿ? ಆಡು ಬರವಲ್ಲವು. ನಿನ್ನ ಬಿಟ್ಟು ಬೆನ್ನು ತಿರುವಿ ಜಾಲ್ಯಾಗ ನಡೀಲೇನು?"

ಅವನು ಲಾರಿಯ ಮುಂದಿನ ಚಕ್ರಕ್ಕೆ ಒರಗಿ, ಎಡಗೈಯನ್ನು ಎದೆಗೆ ಎತ್ತಿ ಹಿಡಿದು ಕುಳಿತ. ಹೊತ್ತು ನೆತ್ತಿಗೆ ಬಂದಿತ್ತು. ಲಾರಿಯ ನೆರಳು ಒಂದು ಗೇಣು ಅಗಲದ ಪಟ್ಟಿಯಾಗಿ ಮಗ್ಗುಲಿಗೆ ಅಂಟಿಕೊಂಡಿತ್ತು. ಗೌಸಬೀ ಡಾಂಬರಿನ ಮೇಲೆ ಒಂದು ಕಾಲು, ಇನ್ನೊಂದು ಕಾಲು ಎಂದು ಬದಲಿಸುತ್ತ ಸ್ವಲ್ಪ ಹೊತ್ತು ನಿಂತಳು. ಅಂಗಾಲು ಸುಡುತ್ತಿತ್ತು. ಕೊನೆಗೆ ಅವನ ಮೇಲಿನ ಕಣ್ಣು ತೆಗೆಯದೆ ಹಿಂದಿನ ಚಕ್ರದ ಬಳಿಗೆ ಬಂದು, ಅದೇ ಪಟ್ಟಿಯ ಇನ್ನೊಂದು ತುದಿಯಲ್ಲಿ ಬೆನ್ನು ಆನಿಸಿ ಕುಳಿತಳು. ರಾಡನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡಳು. ಇಬ್ಬರ ನಡುವೆ ಆಡುಗಳು ಅಕ್ಕಿ ಮೆಲ್ಲುತ್ತಿದ್ದವು.