ಗೊರ್ದಿತಾ ಅಂದರೆ ಮುದ್ದು

ಕ್ಯಾಲಿಫೋರ್ನಿಯದ ಫ್ರೆಸ್ನೊ ಊರಿನ ಯೂಫ್ರಾಸಿಯಾ ಅಜ್ಜಿ ಬೀದಿಗಿಳಿದರೆ ನೂರು ಮೈಲಿಯಾಚೆ ಸಮುದ್ರದಲ್ಲಿ ಅಲೆ ಏಳುತ್ತಿತ್ತು. ನಂಬದವರು ಹೋಗಿ ಸಮುದ್ರವನ್ನೇ ಕೇಳಲಿ. ಮೆಕ್ಸಿಕೋದ ಬೆಟ್ಟದೂರಿನಿಂದ ಬಂದಾಗ ಮಾತ್ರ ಅವಳು ಎಷ್ಟು ಸಣಕಲಿಯೆಂದರೆ, ಬಟ್ಟೆ ಒಣಹಾಕಲು ಹೋದವಳನ್ನು ಗಾಳಿ ಎಗರಿಸಿಕೊಂಡು ಹೋದೀತೆಂದು ಗಂಡ ಲಂಗ ಹಿಡಿದು ನಿಲ್ಲುತ್ತಿದ್ದನಂತೆ. ಇಲ್ಲಿ ಪೀಚ್ ಹಣ್ಣಿನ ಶೆಡ್ಡಿನಲ್ಲಿ ದಿನವಿಡೀ ನಿಂತಲ್ಲೇ ನಿಂತು ಹಣ್ಣು ಆರಿಸುವ ಕೆಲಸ. ಬೀನ್ಸ್ ಬೇಯಿಸಲು ಪುರುಸೊತ್ತಿಲ್ಲ. ಪೊಟ್ಟಣದ ಬರ್ಗರ್, ಬಾಟಲಿಯ ಸೋಡಾ. ಅವಳೊಬ್ಬಳಿಗಾಗಿ ಸೋಡಾ ಕಾರ್ಖಾನೆಯವರು ಇನ್ನೊಂದು ಪಾಳಿ ಶುರುಮಾಡಿದರು.

ಮೊಮ್ಮಗಳು ಯಾರೆತ್ಸಿಗೆ ಹದಿಮೂರು. ಹುಟ್ಟಿದ್ದು ಇಲ್ಲೇ, ಕನಸು ಬೀಳುವುದೂ ಇಂಗ್ಲಿಷಿನಲ್ಲೇ. ಅವಳ ಸ್ಪ್ಯಾನಿಷ್ ಒಂದು ಚಮಚದಲ್ಲಿ ಹಿಡಿಸುವಷ್ಟು: ಬಾ, ತಿನ್ನು, ಮಲಗು, ಜೊತೆಗೆ ಅಜ್ಜಿಯ ಮುದ್ದುಮಾತುಗಳು. ಅದರಲ್ಲೆಲ್ಲ ದೊಡ್ಡದು ‘ಗೊರ್ದಿತಾ’. ಡುಮ್ಮಿ ಎಂದರ್ಥ. ಆದರೆ ಆ ಮನೆಯಲ್ಲಿ ಚಿನ್ನ, ಬಂಗಾರ ಎಲ್ಲವೂ ಅದೇ. ಎಲುಬು ಎಣಿಸಬಹುದಾದ ಬೆಕ್ಕೂ ಗೊರ್ದಿತಾ.

ಅಜ್ಜಿಯ ಎಡಪಾದದ ಹುಣ್ಣು ಮಾಯದೆ ಕ್ಲಿನಿಕ್ಕಿಗೆ ಹೋದ ದಿನ ದುಭಾಷಿ ಬಂದಿರಲಿಲ್ಲ. ಡಾಕ್ಟರು ಮೊಮ್ಮಗಳನ್ನೇ ಕೂರಿಸಿಕೊಂಡು ಹೇಳಿದರು: ಸಕ್ಕರೆ ಕಾಯಿಲೆ ಮಿತಿಮೀರಿದೆ, ಬೊಜ್ಜು ವಿಪರೀತ, ಸೋಡಾ ಬಿಡದಿದ್ದರೆ ಕಾಲು ಉಳಿಯುವುದಿಲ್ಲ. ಬೊಜ್ಜಿಗೆ ಯಾರೆತ್ಸಿಯ ಹತ್ತಿರ ಇದ್ದದ್ದು ಒಂದೇ ಮಾತು. ಕಾಲಿನ ವಿಷಯ ಅವಳು ಹೇಳಲೇ ಇಲ್ಲ.

“ಅಜ್ಜಿ, ನೀನು ತುಂಬಾ ಗೊರ್ದಿತಾ ಅಂತಾರೆ ಡಾಕ್ಟ್ರು. ಸೋಡಾ ಅಷ್ಟು ಒಳ್ಳೇದಲ್ವಂತೆ.”

ಅಜ್ಜಿ ನಾಚಿ ಕೆಂಪಾದಳು. ಇಡೀ ಕ್ಲಿನಿಕ್ಕಿಗೆ ಬೇರೆ ದೀಪ ಬೇಕಿರಲಿಲ್ಲ.

“ನಿಮ್ಮ ತಾತ ಹೋದ್ಮೇಲೆ ಯಾವ ಗಂಡಸೂ ನಂಗೆ ಹಾಗಂದಿರ್ಲಿಲ್ಲ ಕಣೇ. ಇವ್ರಿಗೆ ಮದುವೆ ಆಗಿದ್ಯಾ, ಕೇಳು.”

ಅಜ್ಜಿ ಅಷ್ಟು ಖುಷಿಯಾಗಿದ್ದದ್ದನ್ನು ಯಾರೆತ್ಸಿ ನೋಡಿಯೇ ಇರಲಿಲ್ಲ. ತಿದ್ದಲು ಮನಸ್ಸಾಗಲಿಲ್ಲ. ಅಜ್ಜಿ ಡಾಕ್ಟರಿಗೆಂದು ಕ್ಯಾಲಿಫೋರ್ನಿಯಕ್ಕೆಲ್ಲ ಸಾಲುವಷ್ಟು ತಮಾಲೆ, ಅಂದರೆ ಮೆಕ್ಕೆಜೋಳದ ಕಡುಬು, ಬೇಯಿಸಿದಳು. ಹಬೆಗೆ ಬಾಯಾರಿತೆಂದು ಸೋಡಾ ಕುಡಿದಳು. ಹುಡುಗಿ ಬಾಟಲಿ ಬಚ್ಚಿಟ್ಟಳು, ಸಿಂಕಿಗೆ ಸುರಿದಳು. ಅಜ್ಜಿ ಬೇರೆ ತಂದಳು. ಅಮ್ಮನಿಗೆ ಹೇಳೋಣವೆಂದರೆ ತಾನು ಮುಚ್ಚಿಟ್ಟದ್ದು ಬಯಲಾಗುತ್ತದೆ. ಇವತ್ತು, ನಾಳೆ ಅಂದುಕೊಂಡೇ ಬೇಸಿಗೆ ಕಳೆಯಿತು, ಪಾದ ಕಪ್ಪಾಯಿತು.

ದೊಡ್ಡಾಸ್ಪತ್ರೆಯಲ್ಲಿ ದುಭಾಷಿ ಹೆಂಗಸು ಇದ್ದಳು. ಶುದ್ಧ ಸ್ಪ್ಯಾನಿಷಿನಲ್ಲಿ, ರೈಲಿನಷ್ಟು ಉದ್ದದ ಪದಗಳಲ್ಲಿ ಎಲ್ಲ ಹೇಳಿದಳು. ಬೊಜ್ಜಿಗೆ ಆಕೆ ಬಳಸಿದ ಪದ ಅಜ್ಜಿಗೆ ಬೈದಂತೆ ಕೇಳಿಸಿತು. ಮುಖ ತಿರುಗಿಸಿ ಮೊಮ್ಮಗಳ ಕೈ ಹಿಡಿದಳು.

“ಇವಳಿಗೆ ಮಾತಾಡೋಕೇ ಬರಲ್ಲ. ಆ ಡಾಕ್ಟ್ರು ಎಷ್ಟು ಚೆನ್ನಾಗಿ ಹೇಳಿದ್ರು. ನೀನು ಹೇಳೇ ಗೊರ್ದಿತಾ, ಏನಂತೆ?”

ಕತ್ತರಿಸು ಅನ್ನುವ ಮಾತು ಯಾರೆತ್ಸಿಗೆ ಚೆನ್ನಾಗಿ ಗೊತ್ತಿತ್ತು. ಈರುಳ್ಳಿ ಮುಂದಿಟ್ಟು ಅಜ್ಜಿಯೇ ಕಲಿಸಿದ್ದು.

“ಕತ್ತರಿಸ್ತಾರಂತೆ ಅಜ್ಜಿ.”

ಅಜ್ಜಿ “ಎಲ್ಲೀವರೆಗೆ?” ಎಂದಳು.

ಯಾರೆತ್ಸಿ ಹೊದಿಕೆಯ ಮೇಲೆ, ಅಜ್ಜಿಯ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಕೈಯಿಟ್ಟು ತೋರಿಸಿದಳು.